ಉತ್ತರಕ್ಕೆ ಹೊರಳಿದ ಗಾಳಿ

ಬಂದರಿನ ಜನ ಅವಳನ್ನು ಸೈರನ್ ಎಂದು ಕರೆಯುತ್ತಿದ್ದರು.

ಹೆಸರು ಅಂಟಿಕೊಂಡದ್ದು ಹಿಂದಿನ ವರ್ಷ. ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಕೊಡುವುದು ಅವಳ ಕೆಲಸ. ಆ ವರ್ಷ ಎದ್ದ ಚಂಡಮಾರುತ ನೇರವಾಗಿ ಈ ಊರಿಗೇ ಬರುತ್ತದೆ ಎಂದು ಅವಳು ಹೇಳಿದ್ದಳು. ಬಂದರಿನ ಸೈರನ್ ಕೂಗಿತು. ಜನ ದೋಣಿಗಳನ್ನು ದಡದ ಮೇಲಕ್ಕೆ ಎಳೆದು, ಮನೆಗಳಿಗೆ ಬೀಗ ಜಡಿದು ಹೊರಟರು. ಗಾಳಿಯೋ, ನಡುಗಡಲಿನಲ್ಲೇ ಮಗ್ಗುಲು ಬದಲಿಸಿ, ಯಾರಿಗೂ ಬೇಡದ ನೀರಿನ ಮೇಲೆ ಮಳೆ ಸುರಿಸಿ ಸತ್ತುಹೋಯಿತು. ಊರಿಗೆ ಬಂದದ್ದು ಒಗೆದ ಬಟ್ಟೆ ಒಣಗಿಸಲು ಹೇಳಿ ಮಾಡಿಸಿದಂಥ ತಂಗಾಳಿ. ಜನ ವಾಪಸ್ಸು ಬಂದಾಗ ಅರ್ಧ ಬೀದಿಯ ಬೀಗಗಳು ಒಡೆದಿದ್ದವು, ಪಾತ್ರೆ ಪಗಡೆಯೂ ಉಳಿದಿರಲಿಲ್ಲ.

ಅವಳು ವಾಸವಿದ್ದದ್ದು ಅಕ್ಕನ ಮನೆಯ ಮೇಲಂತಸ್ತಿನ ಎರಡು ಕೋಣೆಗಳಲ್ಲಿ. ಭಾವನಿಗೆ ಬಂದರಿನ ಪಕ್ಕದಲ್ಲೇ ಐಸ್ ಫ್ಯಾಕ್ಟರಿ ಇತ್ತು. ಆ ಸಲ ಅವನು ಕರೆಂಟು ಆರಿಸಿ ಊರು ಬಿಟ್ಟಿದ್ದ. ಹಿಂದಿರುಗಿದಾಗ ಐಸೆಲ್ಲ ನೀರಾಗಿ, ಕೋಲ್ಡ್ ರೂಮಿನಲ್ಲಿದ್ದ ಊರಿನವರ ಮೀನು ಕೊಳೆತು, ಆ ನಾತ ಗೋಡೆಗೆ ಸುಣ್ಣ ಬಳಿದರೂ ಹೋಗಿರಲಿಲ್ಲ. ಅಂದಿನಿಂದ ಭಾವ ಅವಳ ಜೊತೆ ಮಾತು ಬಿಟ್ಟಿದ್ದ. ಹೇಳುವುದಿದ್ದರೆ, ಅವಳಿಗೆ ಕೇಳುವಂತೆ ಹೆಂಡತಿಗೆ ಹೇಳುತ್ತಿದ್ದ.

"ಮೇಲಿನವರನ್ನ ಕೇಳು, ಇವತ್ತು ಅಂಗಳ ಗುಡಿಸಬಹುದಾ ಅಥವಾ ಗಾಳೀನೇ ಗುಡಿಸ್ಕೊಂಡು ಹೋಗುತ್ತಾ ಅಂತ."

ಅಕ್ಕ ತಂಗಿಯ ಮುಖ ನೋಡಿ, ಸುಮ್ಮನಿರು ಎನ್ನುವಂತೆ ಕಣ್ಣು ಮಿಟುಕಿಸುತ್ತಿದ್ದಳು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ಮಾತು ಕಡಿಮೆ. ಇಡೀ ಊರಿನಲ್ಲಿ ತಂಗಿಯನ್ನು ಅವಳ ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವಳು ಅವಳೊಬ್ಬಳೇ. ಬೀದಿಯಲ್ಲಿ ಮೀನು ಮಾರುವ ಹೆಂಗಸೂ ಬಿಡುತ್ತಿರಲಿಲ್ಲ: "ತಗೊಳ್ಳಿ ಸೈರನ್ನಮ್ಮ, ಒಳ್ಳೆ ಮೀನು. ನೀವು ಹೇಳಿದ ಗಾಳಿ ತರ ದಿಕ್ಕು ತಪ್ಪೋದಲ್ಲ."

ಈ ವರ್ಷ ಚಂಡಮಾರುತ ಮತ್ತೆ ಹುಟ್ಟಿತು. ಬಹಳ ದೂರದ ಕಡಲಿನಲ್ಲಿ, ವಾರಗಟ್ಟಲೆ ಬಿಸಿಲಿಗೆ ಕಾದು ಸ್ನಾನದ ನೀರಿನಷ್ಟು ಬೆಚ್ಚಗಾಗಿದ್ದ ಜಾಗದಲ್ಲಿ, ಗುಡುಗು ಮೋಡಗಳ ಗುಂಪೊಂದು ಚದುರದೆ ನಿಂತುಕೊಂಡಿತು. ಮೊದಲ ದಿನ ಉಪಗ್ರಹದ ಚಿತ್ರದಲ್ಲಿ ಅದು ನೆಲಕ್ಕೆ ಚೆಲ್ಲಿದ ಹಿಟ್ಟಿನಂತೆ ಕಂಡಿತು, ಅಷ್ಟೇ. ಮಾರನೆಯ ದಿನ ಅದರ ಅಂಚುಗಳು ಬಾಗಿದವು. ಬಿಸಿ ಆವಿ ಮೇಲೇರಿದಷ್ಟೂ ಕೆಳಗಿನ ಗಾಳಿಯ ಒತ್ತಡ ಇಳಿಯುತ್ತಿತ್ತು. ಒತ್ತಡ ಇಳಿದಷ್ಟೂ ಸುತ್ತಲಿನ ಗಾಳಿ ಒಳನುಗ್ಗಿ ಸುರುಳಿ ಸುತ್ತುತ್ತಿತ್ತು. ಎತ್ತರದಲ್ಲಿ ಅಡ್ಡಗಾಳಿ ಬೀಸುತ್ತಿದ್ದರೆ ಮೋಡದ ತಲೆ ಕತ್ತರಿಸಿ ಬೀಳುತ್ತಿತ್ತು. ಮೇಲೆ ಅಡ್ಡಗಾಳಿ ಇರಲಿಲ್ಲ.

"ಸರ್, ಇದು ಬಲಿಯುತ್ತೆ," ಎಂದು ಅವಳು ನಿರ್ದೇಶಕನ ಕೋಣೆಗೆ ಹೋಗಿ ಹೇಳಿದಳು.

ನಿರ್ದೇಶಕ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಯಾವ ಮಾತನ್ನೂ ಅರ್ಧ ನುಂಗಿಯೇ ಆಡುವವನು. "ಬಲೀಲಿ. ಬೇಡ ಅಂದೋರು ಯಾರು? ನೀನು ಮಾತ್ರ ಬಾಯಿ ಬಿಡ್ಬೇಡ. ಹೋದ ವರ್ಷ ಆದ ಮಂಗಳಾರತಿ ಸಾಲದಾ ನಮಗೆ?"

"ಸುಮ್ನಿದ್ದು ಅದು ಬಂದ್ಬಿಟ್ರೆ?"

"ಬಂದ್ರೆ ಬಂತು ಅಂತಾರೆ. ಬರದೆ ಇದ್ರೆ ನಿನ್ನನ್ನ ಹರಿದು ತಿಂತಾರೆ. ನನ್ನನ್ನೂ."

ಅವಳು ಎದ್ದು ಬಂದಳು. ಇನ್ನೆರಡು ದಿನಗಳಲ್ಲಿ ಗಾಣದಂತೆ ಸುತ್ತುತ್ತಿದ್ದ ಆ ಬಿಳಿಯ ಮೋಡದ ನಡುವೆ ಕಪ್ಪು ಚುಕ್ಕೆ ಮೂಡಿತು. ಕಣ್ಣು ಬಿಟ್ಟಿತ್ತು. ಅದು ಪಶ್ಚಿಮಕ್ಕೆ, ಎಂದರೆ ದಡದ ಕಡೆಗೆ, ಯಾರ ಹಂಗೂ ಇಲ್ಲದಂತೆ ನಡೆದುಬರುತ್ತಿತ್ತು. ದಾರಿ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಕಚೇರಿಯಲ್ಲಿ ಐದಿದ್ದವು. ನಾಲ್ಕು ಈ ಊರನ್ನೇ ತೋರಿಸಿದವು. ಐದನೆಯದು ಮಾತ್ರ ಬೇರೆ ಹಾಡು ಹಾಡಿತು: ಪಶ್ಚಿಮದಿಂದ ಬಹಳ ಎತ್ತರದಲ್ಲಿ ಒಂದು ತಂಪು ಗಾಳಿಯ ಅಲೆ ಬರುತ್ತಿದೆ, ಅದು ಇದನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ಉತ್ತರಕ್ಕೆ ಎಳೆಯುತ್ತದೆ ಎಂದಿತು. ಅವಳು ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆ ಮಾದರಿ ಆ ವರ್ಷ ಹಲವು ಸಲ ಎಡವಿತ್ತು. ಆದರೂ ಅದನ್ನು ಜನರಿಗೆ ಹೇಳಲೇಬೇಕೆಂದು ನಿಶ್ಚಯಿಸಿಕೊಂಡೇ, ನಿರ್ದೇಶಕ ಬೇಡವೆಂದಿದ್ದರೂ, ಬಂದರು ಅಧಿಕಾರಿ ಕರೆದಿದ್ದ ಊರಿನವರ ಸಭೆಗೆ ಹೋದಳು.

ಸಭೆ ಸೇರಿದ್ದು ಮೀನು ಹರಾಜಿನ ಶೆಡ್‌ನಲ್ಲಿ. ಒದ್ದೆ ಸಿಮೆಂಟು ನೆಲ, ತೂಕದ ಯಂತ್ರಗಳು, ನೊಣ. ಬಂದರು ಅಧಿಕಾರಿ ಒಂದು ಮಾತಾಡಿ ಮೈಕನ್ನು ಬಿಸಿ ಕೆಂಡದಂತೆ ಅವಳ ಕೈಗೆ ದಾಟಿಸಿದ. ಜನ ನಿಂತಿದ್ದರು. ಭಾವ ಮುಂದಿನ ಸಾಲಿನಲ್ಲಿ ಖಾಲಿ ಕ್ರೇಟಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದ.

ಅವಳು ಗಾಳಿಯ ವೇಗ ಹೇಳಿದಳು, ಕಡಲು ಎಷ್ಟು ಉಬ್ಬಬಹುದೆಂದು ಹೇಳಿದಳು. ಹಿಂದಿನಿಂದ ಯಾರೋ ಎಸೆದ ಮೀನಿನ ಕರುಳು ಬಂದು ಹೆಗಲ ಮೇಲೆ ಬಿತ್ತು. ಅವಳು ಅದನ್ನು ಬೆರಳಲ್ಲಿ ತೆಗೆದು ಕೆಳಕ್ಕೆ ಹಾಕಿ ಮಾತು ಮುಂದುವರಿಸಿದಳು.

"ಅದೆಲ್ಲ ಬಿಡಿ," ಎಂದ ಒಬ್ಬ ದೋಣಿಯವನು. "ಬರುತ್ತಾ ಬರಲ್ವಾ, ಅಷ್ಟು ಹೇಳಿ."

ಭಾವ ಹಿಂದಕ್ಕೆ ತಿರುಗಿ ಜನರಿಗೆ ಹೇಳಿದ: "ಈಗ ನೋಡ್ತಿರಿ. ‘ಬಂದ್ರೂ ಬರಬಹುದು, ಹೋದ್ರೂ ಹೋಗಬಹುದು’ ಅಂತಾಳೆ. ಅಷ್ಟು ಹೇಳೋಕೆ ಸಂಬಳ ಕೊಟ್ಟು ಯಾಕೆ ಇಟ್ಕೋಬೇಕು? ನಮ್ಮನೆ ಬೆಕ್ಕೂ ಹೇಳುತ್ತೆ."

ಶೆಡ್ ಇಡೀ ನಕ್ಕಿತು. ಐದನೆಯ ಗೆರೆಯ ಮಾತು ಅವಳ ಗಂಟಲವರೆಗೆ ಬಂದಿತ್ತು. ಈಗ ಅದನ್ನು ಹೇಳಿದರೆ ಭಾವನ ಬಾಯಿಯ ಮಾತನ್ನೇ ಇವಳು ಆಡಿದಂತಾಗುತ್ತಿತ್ತು. ಒಂದು ವರ್ಷದ ಅವಮಾನವೆಲ್ಲ ಒಟ್ಟಾಗಿ ಮುಖಕ್ಕೆ ಏರಿತು.

"ಇಲ್ಲಿಗೇ ಬರುತ್ತೆ," ಎಂದಳು. "ಬೇರೆ ಎಲ್ಲಿಗೂ ಹೋಗಲ್ಲ. ಇದ್ದೋರು ಸಾಯ್ತೀರ."

ನಗು ನಿಂತಿತು. ಅವಳ ದನಿಯಲ್ಲಿ ಅಷ್ಟು ಕೋಪವಿದ್ದದ್ದೇ ಜನ ನಂಬಲು ಕಾರಣವಾಯಿತೋ ಏನೋ. ಗೊಣಗುತ್ತಲೇ, ಬೈಯುತ್ತಲೇ ಹೊರಡಲು ಒಪ್ಪಿದರು. ಹೋಗಬೇಕಾದ ಜಾಗವನ್ನು ಬಂದರು ಅಧಿಕಾರಿ ಹೇಳಿದ. ಉತ್ತರಕ್ಕೆ, ನದಿ ಕಡಲು ಸೇರುವ ಅಳಿವೆಯ ಬಳಿ ಇರುವ ಪಟ್ಟಣದ ಕಾಲೇಜು. ಮೂರು ಅಂತಸ್ತಿನ ಗಟ್ಟಿ ಕಟ್ಟಡ, ಆದರೆ ಇದ್ದದ್ದು ತಗ್ಗಿನಲ್ಲಿ, ನದಿಗೆ ಬೆನ್ನು ಕೊಟ್ಟು. ಅಷ್ಟು ಜನ ಹಿಡಿಸುವ ಬೇರೆ ಜಾಗ ಹತ್ತಿರದಲ್ಲಿ ಇರಲಿಲ್ಲ. ಗಾಳಿ ಬರುವುದು ಇಲ್ಲಿಗೇ ಆದ ಮೇಲೆ ಅಲ್ಲಿಯ ತಗ್ಗಿನ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಮನೆಯಲ್ಲಿ ಭಾವನ ತಾಯಿಯದೇ ದೊಡ್ಡ ಸಮಸ್ಯೆಯಾಯಿತು. ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದ ಮುದುಕಿಗೆ ಕಾಲು ಬಿದ್ದುಹೋಗಿದ್ದರೂ ನಾಲಿಗೆ ಮಾತ್ರ ಚುರುಕಾಗಿತ್ತು.

"ನಾನು ಎಲ್ಲಿಗೂ ಬರಲ್ಲ. ನಿನ್ನ ತಂಗಿ ಮಾತು ಕೇಳಿ ನಾನು ಬಚ್ಚಲಿಗೂ ಹೋಗಲ್ಲ," ಎಂದಳು ಸೊಸೆಗೆ. "ಹೋದ ಸಲ ಹೋಗಿ ಬರೋಷ್ಟರಲ್ಲಿ ನನ್ನ ಹಿತ್ತಾಳೆ ಚೊಂಬು ಹೋಯ್ತು. ಈ ಸಲ ಮಂಚ ಹೋಗುತ್ತೆ."

"ಅತ್ತೆ, ನೀವು ಬರದೆ ನಾನು ಹೋಗಲ್ಲ," ಎಂದಳು ಅಕ್ಕ. ಹೊಲಿಗೆ ಯಂತ್ರಕ್ಕೆ ಪ್ಲಾಸ್ಟಿಕ್ ಸುತ್ತಿ ಹಗ್ಗ ಬಿಗಿಯುತ್ತಿದ್ದ ಕೈ ನಿಲ್ಲಿಸಿ, ತಂಗಿಯ ಕಡೆ ನೋಡಿದಳು. "ನಿಜ ಹೇಳು. ಹೋಗ್ಲೇಬೇಕಾ?"

"ಹೋಗ್ಲೇಬೇಕು ಅಕ್ಕ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇರೋದಕ್ಕೇ ಕೇಳ್ತಿರೋದು," ಎಂದಳು ಅಕ್ಕ. ಆಮೇಲೆ ಅತ್ತೆಯ ಯಾವ ಬೈಗುಳಕ್ಕೂ ಕಿವಿಗೊಡಲಿಲ್ಲ. ಅಕ್ಕಪಕ್ಕದವರನ್ನು ಕರೆದು, ಹಾಸಿಗೆಯ ಸಮೇತ ಮುದುಕಿಯನ್ನು ಎತ್ತಿಸಿ ಬಸ್ಸಿಗೆ ಹಾಕಿಸಿದಳು. ಭಾವ ಬಾಗಿಲಿಗೆ ಒರಗಿ ನಿಂತು ನೋಡಿದ. ಅವನು ಹೊರಡಲಿಲ್ಲ, ಈ ಸಲ ಐಸ್ ಫ್ಯಾಕ್ಟರಿ ಬಿಟ್ಟು ಅಲ್ಲಾಡುವುದಿಲ್ಲ ಎಂದು ಹಟ ಹಿಡಿದಿದ್ದ.

"ನಮ್ಮಮ್ಮನಿಗೆ ದಾರೀಲಿ ಒಂದು ನೆಗಡಿ ಆದ್ರೂ," ಎಂದು ಹೆಂಡತಿಗೆ ಹೇಳಿದ, "ಮೇಲಿನವರ ಸಾಮಾನೆಲ್ಲ ಬೀದೀಲಿರುತ್ತೆ."

ಮರುದಿನ ಬೆಳಿಗ್ಗೆ ಚಂಡಮಾರುತ ನಿಂತುಬಿಟ್ಟಿತು. ಕಡಲಿನ ನಡುವೆ, ದಡಕ್ಕೆ ಅರ್ಧ ಹಗಲಿನ ದಾರಿಯಷ್ಟು ದೂರದಲ್ಲಿ, ಯಾವ ಕಡೆ ಹೋಗಲಿ ಎಂದು ಯೋಚಿಸುವ ಗೂಳಿಯಂತೆ ಇದ್ದಲ್ಲೇ ಸುತ್ತತೊಡಗಿತು. ಅವಳು ರೇಡಾರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅದನ್ನು ಪಶ್ಚಿಮಕ್ಕೆ ದೂಡುತ್ತಿದ್ದ ಗಾಳಿ ಸೋತಿತ್ತು. ಚಹಾ ತಣ್ಣಗಾಯಿತು. ಮತ್ತೆ ಅದು ಕದಲಿದಾಗ ಕಣ್ಣಿನ ಚುಕ್ಕೆ ಸ್ವಲ್ಪ ಮೇಲಕ್ಕೆ ಸರಿದಿತ್ತು. ಮುಂದಿನ ಚಿತ್ರದಲ್ಲಿ ಇನ್ನೂ ಸ್ವಲ್ಪ. ಅದು ಉತ್ತರಕ್ಕೆ ಹೊರಳಿತ್ತು, ವೇಗವನ್ನೂ ಕೂಡಿಸಿಕೊಂಡಿತ್ತು. ಐದನೆಯ ಮಾದರಿ ಎಳೆದಿದ್ದ ಗೆರೆಯ ಮೇಲೇ ಕಾಲಿಟ್ಟು ನಡೆಯುತ್ತಿತ್ತು.

ಅವಳು ನಿರ್ದೇಶಕನ ಕೋಣೆಗೆ ಓಡಿದಳು. "ಸರ್, ಅಳಿವೆ ಪಟ್ಟಣಕ್ಕೆ ಹೋಗ್ತಿದೆ. ಕಾಲೇಜಿರೋ ಜಾಗಕ್ಕೆ. ಮಧ್ಯಾಹ್ನದ ಮೇಲೆ ಮುಟ್ಟುತ್ತೆ."

ಅವನು ಪರದೆ ನೋಡಿದ. ಮುಖದ ಬಣ್ಣ ಇಳಿಯಿತು. ಆದರೆ ಬಾಯಿಂದ ಬಂದದ್ದು ಬೇರೆ ಮಾತು. "ಇನ್ನೊಂದು ಸ್ವಲ್ಪ ನೋಡೋಣ. ಮತ್ತೆ ತಿರುಗಿದ್ರೆ? ನಿನ್ನೆ ಅಲ್ಲಿಗೆ ಓಡಿ ಅಂದ್ವಿ, ಇವತ್ತು ಅಲ್ಲಿಂದ ಓಡಿ ಅಂತೀವಾ?"

"ಓಡೋಕೆ ಹೊತ್ತಿಲ್ಲ. ಮೇಲಂತಸ್ತಿಗೆ ಹತ್ತಿ ಅಂತಾದ್ರೂ ಹೇಳಿ."

"ನೋಡೋಣ ಅಂದ್ನಲ್ಲ."

ಅವಳು ಅವನೆದುರೇ ಅಕ್ಕನಿಗೆ ಫೋನ್ ಮಾಡಿದಳು. ಆ ಕಡೆ ತಟ್ಟೆ ಲೋಟಗಳ ಸದ್ದು, ಮಕ್ಕಳ ಗಲಾಟೆ.

"ಅಕ್ಕ, ಕೆಳಗಡೆ ಇರಬೇಡಿ. ಎಲ್ಲರನ್ನೂ ಮೇಲಕ್ಕೆ ಹತ್ತಿಸು, ಈಗಲೇ."

"ಯಾಕೆ? ಊರಿಗೆ ಬಂತಾ?"

"ಊರಿಗೆ ಬರ್ತಿಲ್ಲ. ನೀವಿರೋ ಕಡೆಗೆ ಬರ್ತಿದೆ."

"ನೀನೇ ಅಲ್ವಾ ಇಲ್ಲಿಗೆ ಕಳಿಸಿದ್ದು," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರ ಗಲಿಬಿಲಿ ಇತ್ತು. ಆಮೇಲೆ, "ಏಳಲಾಗದವರೆಲ್ಲ ಕೆಳಗಿನ ಕೋಣೇಲೇ ಇದ್ದಾರೆ, ಅತ್ತೇನೂ," ಎಂದಳು. ಲೈನ್ ಕಡಿಯಿತು. ಮತ್ತೆ ಸಿಗಲಿಲ್ಲ.

ಊರಿನಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಅವಳು ಸ್ಕೂಟರಿನಲ್ಲಿ ಬಂದರಿಗೆ ಬಂದಾಗ ನೀರು ಹಿಂದಕ್ಕೆ ಸರಿದುಹೋಗಿ, ದೋಣಿಗಳು ಕೆಸರಿನಲ್ಲಿ ಮಗುಚಿ ಕೂತಿದ್ದವು. ಐಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಭಾವ ಮತ್ತು ಊರು ಬಿಡದ ನಾಲ್ಕಾರು ಗಂಡಸರು ಅದನ್ನು ನೋಡಿ ನಗುತ್ತಿದ್ದರು. ಒಂದು ವರ್ಷದಲ್ಲಿ ಮೊದಲ ಸಲ ಭಾವ ಅವಳಿಗೇ ನೇರವಾಗಿ ಹೇಳಿದ:

"ಬಾ ಬಾ. ನೋಡು, ಸಮುದ್ರಾನೇ ಗಂಟುಮೂಟೆ ಕಟ್ಟಿದೆ. ನಿನ್ನ ಮಾತು ಕೇಳಿರಬೇಕು."

"ಭಾವ, ಲಾರಿ ತೆಗೀರಿ. ಗಾಳಿ ಕಾಲೇಜಿನ ಕಡೆ ತಿರುಗಿದೆ."

ಭಾವ ಎದ್ದು ಬಂದು ಅವಳ ರಟ್ಟೆ ಹಿಡಿದು ಗೋಡೆಗೆ ಒತ್ತಿದ. ಅವನ ಉಸಿರು ಮುಖಕ್ಕೆ ತಾಗುತ್ತಿತ್ತು. "ಹೇಳು ಇನ್ನೊಂದ್ಸಲ."

"ನಾನು ಹೇಳಿದ್ದು ತಪ್ಪಾಯ್ತು. ಅಲ್ಲಿ ನದಿ ಉಬ್ಬುತ್ತೆ. ಅತ್ತೆ ಕೆಳಗಿನ ಕೋಣೇಲಿದ್ದಾರೆ. ಅಕ್ಕನೂ."

ಅವನು ಎತ್ತಿದ ಕೈ ಅವಳ ಕಿವಿಯ ಪಕ್ಕದಲ್ಲಿ ತಗಡಿನ ಬಾಗಿಲಿಗೆ ಬಿತ್ತು. ಬಾಗಿಲು ನೆಗ್ಗಿತು. ಉಳಿದವರಲ್ಲಿ ಒಬ್ಬನ ಹೆಂಡತಿ ಮಕ್ಕಳೂ ಕಾಲೇಜಿನಲ್ಲೇ ಇದ್ದರು. ಅವನು ಆಗಲೇ ಲಾರಿಯ ಹಿಂದೆ ಹತ್ತಿ ಐಸ್ ಗಟ್ಟಿಗಳನ್ನು ಕೆಳಕ್ಕೆ ಒದೆಯುತ್ತಿದ್ದ. ಭಾವ ಕೀಲಿಕೈ ತೆಗೆದ.

"ಹತ್ತು," ಎಂದ.

ಕರಾವಳಿಯ ರಸ್ತೆಯಲ್ಲಿ ಗಾಳಿ ಮೊದಲು ಎಡಗಡೆಯಿಂದ ಬಡಿಯಿತು, ಮುಂದೆ ಹೋದಂತೆ ಎದುರಿಗೆ ಬಂತು. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಮುರಿದು ಬಿದ್ದ ಕಂಬವೊಂದನ್ನು ಲಾರಿ ಹತ್ತಿ ಇಳಿದಾಗ ಅವಳ ತಲೆ ಮೇಲಿನ ತಗಡಿಗೆ ತಾಗಿತು. ಭಾವ ತಿರುಗಿಯೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದ:

"ನಿಮ್ಮ ಆ ಪೆಟ್ಟಿಗೆಗಳಲ್ಲಿ ಒಂದಾದ್ರೂ ಇದನ್ನ ಹೇಳಿತ್ತಾ?"

ಸುಳ್ಳು ಹೇಳಬಹುದಿತ್ತು. "ಒಂದು ಹೇಳಿತ್ತು."

"ಶೆಡ್‌ನಲ್ಲಿ ಅದನ್ನ ಹೇಳ್ಲಿಲ್ಲ."

"ಇಲ್ಲ."

"ಯಾಕೆ?"

"ನೀವು ನಗ್ತೀರಿ ಅಂತ."

ವೈಪರ್ ಕಡ್ಡಿ ಕಿರುಗುಟ್ಟುತ್ತ ಅತ್ತಿಂದಿತ್ತ ಓಡಾಡಿತು. ಭಾವ ಗೇರು ಬದಲಿಸಿದ. ಆಮೇಲೆ, "ಇದೆಲ್ಲ ಮುಗಿದ ಮೇಲೆ ನಿನ್ನ ಮುಖ ನನಗೆ ತೋರಿಸ್ಬೇಡ," ಎಂದ. ಅವಳು ಆಗಲಿ ಎಂದಳು.

ಕಾಲೇಜಿನ ಗೇಟಿಗೆ ಬಂದಾಗ ನೀರು ಲಾರಿಯ ಚಕ್ರ ಮುಳುಗಿಸಿತ್ತು. ಅದು ಮಳೆಯ ನೀರಲ್ಲ, ಉಪ್ಪುನೀರು. ಕಡಲು ನದಿಯ ಬಾಯಿಯೊಳಗೆ ನುಗ್ಗಿ ನದಿಯನ್ನೇ ಹಿಮ್ಮುಖವಾಗಿ ತಳ್ಳಿಕೊಂಡು ಬಂದಿತ್ತು. ಎಲ್ಲರನ್ನೂ ಲಾರಿಗೆ ಹತ್ತಿಸಿ ದಿಬ್ಬದ ಕಡೆ ಸಾಗಿಸುವ ಯೋಚನೆ ಅಲ್ಲಿಗೇ ಮುಗಿಯಿತು. ಲಾರಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಹಿಂದೆ ಹತ್ತಿ ಬಂದಿದ್ದವನೂ ಸೇರಿ ಮೂವರೂ ಸೊಂಟದವರೆಗಿನ ನೀರಿಗೆ ಇಳಿದರು.

ಅಕ್ಕ ಹೇಳಿದ್ದನ್ನು ಅಲ್ಲಿ ಯಾರೂ ತಕ್ಷಣ ಕೇಳಿರಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದ್ದರು. ನನ್ನ ತಂಗಿ ಎಂದಾಗ, ಓ ಸೈರನ್ನಾ ಎಂದು ಮತ್ತೆ ಊಟಕ್ಕೆ ಕೂತಿದ್ದರು. ಅಕ್ಕ ಬೈದು, ಬೇಡಿ, ಮೂರ್ನಾಲ್ಕು ಹೆಂಗಸರನ್ನು ಎಬ್ಬಿಸಿ, ಏಳಲಾಗದವರನ್ನು ತರಗತಿಯ ಬೆಂಚುಗಳ ಮೇಲೆ ಮಲಗಿಸಿಕೊಂಡು ಒಬ್ಬೊಬ್ಬರನ್ನೇ ಮೇಲೆ ಸಾಗಿಸಿದ್ದಳು. ತನ್ನವರನ್ನೇ ಮೊದಲು ಒಯ್ದಳು ಎಂದು ಯಾರೂ ಆಡಿಕೊಳ್ಳಬಾರದೆಂದು ಅತ್ತೆಯನ್ನು ಕೊನೆಗೆ ಇಟ್ಟಿದ್ದಳು. ಅತ್ತೆಯೂ, "ನಿನ್ನೆ ಅಲ್ಲಿಂದ ಇಲ್ಲಿಗೆ, ಇವತ್ತು ಇಲ್ಲಿಂದ ಮೇಲಕ್ಕೆ, ನಾನೇನು ಅಕ್ಕಿ ಮೂಟೆನಾ?" ಎಂದು ಹಟ ಮಾಡಿದ್ದಳು. ಅಷ್ಟರಲ್ಲಿ ಕಿಟಕಿಗಳು ಒಡೆದು ನೀರು ಒಳಗೆ ಬಂದಿತ್ತು.

ಮೆಟ್ಟಿಲ ತಿರುವಿನಲ್ಲಿ ಅಕ್ಕ ಕಂಬಿ ಹಿಡಿದು ನಿಂತಿದ್ದಳು. ಗಂಡನನ್ನು ಕಂಡು ಕೆಳಗಿನ ಬಾಗಿಲಿನ ಕಡೆ ಕೈ ತೋರಿಸಿದಳು. "ಹಿಡ್ಕೊಂಡಿದ್ದೆ," ಎಂದಳು. "ಬೆಂಚು ಮಗುಚಿಬಿಡ್ತು."

ಭಾವ ಒಳಗೆ ಹೋದ. ಬೆಂಚು, ಪಾತ್ರೆ, ಚಪ್ಪಲಿಗಳು ತೇಲುತ್ತಿದ್ದ ಆ ಕೋಣೆಯಿಂದ ತಾಯಿಯನ್ನು ಹೆಗಲ ಮೇಲೆ ಹೊತ್ತು ಬಂದಾಗ ಅವಳಿಗೆ ಜೀವವಿತ್ತು. ಮೇಲಂತಸ್ತಿನಲ್ಲಿ ಮಲಗಿಸಿದಾಗ ನೀರು ಕಾರಿದಳು, ಮಗನ ಮುಖ ನೋಡಿದಳು. "ಈಗ ಬಂದ್ಯಾ," ಎಂದಳು. ಅವಳ ತುಟಿ ನೀಲಿಯಾಗಿತ್ತು. ಸೈರನ್ ಹೊದಿಸಲು ಒಣ ಬಟ್ಟೆ ಏನಾದರೂ ಇದೆಯೇ ಎಂದು ಹುಡುಕಿದಳು, ಮೈಮೇಲಿದ್ದದ್ದೆಲ್ಲ ಒದ್ದೆಯೇ. ಯಾರೋ ಕಿಟಕಿಯ ಪರದೆ ಕಿತ್ತು ಕೊಟ್ಟರು. ಅವಳು ಅದನ್ನು ಹೊದಿಸಲು ಹೋದಾಗ ಅಕ್ಕ ಅವಳ ಕೈಯಿಂದ ಪರದೆಯನ್ನು ಕಿತ್ತುಕೊಂಡು ತಾನೇ ಹೊದಿಸಿದಳು.

ಆಮೇಲೆ ಎಷ್ಟೋ ಹೊತ್ತು ಕಟ್ಟಡ ಅದುರಿತು. ಒಂದು ಕಡೆಯ ಗೋಡೆಯಿಂದ ನೀರು ಬೆವರಿನಂತೆ ಒಸರುತ್ತಿತ್ತು. ಜನ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತಿದ್ದರು. ಗಾಳಿಯ ಕೂಗಿನ ನಡುವೆಯೂ ಅವಳಿಗೆ ಬೈಗುಳಗಳು ಸ್ಪಷ್ಟವಾಗಿ ಕೇಳಿಸುತ್ತಿದ್ದವು. "ಕರ್ಕೊಂಡ್ ಬಂದು ಹೊಂಡಕ್ಕೆ ತಳ್ಳಿದ್ಲು," ಎಂದಳೊಬ್ಬಳು. ಒಬ್ಬ ಗಂಡಸು ದಾಟಿ ಹೋಗುವಾಗ ಬೇಕೆಂದೇ ಅವಳ ಕಾಲು ತುಳಿದ.

ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಒಡೆದ ಕಿಟಕಿಯಿಂದ ಬಿಸಿಲು ಬಿತ್ತು. ಮೇಲೆ ತೊಳೆದಿಟ್ಟಂಥ ಆಕಾಶ, ಸುತ್ತಲೂ ದೂರದಲ್ಲಿ ಬಿಳಿಯ ಮೋಡದ ಗೋಡೆ. ಜನ ಎದ್ದರು. ಮುಗಿಯಿತು, ಇಳಿಯೋಣ ಎಂದು ಮೆಟ್ಟಿಲ ಕಡೆ ನುಗ್ಗಿದರು. ಕೆಳಗೆ ಅವರ ಗಂಟುಗಳಿದ್ದವು, ಕಾಣದಾದವರಿದ್ದರು.

ಅವಳು ಓಡಿಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು. "ಇಳಿಬೇಡಿ. ಮುಗಿದಿಲ್ಲ. ಇದು ಅದರ ಕಣ್ಣು, ನಾವು ನಟ್ಟನಡುವೆ ಇದ್ದೀವಿ. ಇನ್ನರ್ಧ ಬಾಕಿ ಇದೆ. ಈ ಸಲ ಗಾಳಿ ಆ ಕಡೆಯಿಂದ ಬರುತ್ತೆ, ನೀರು ವಾಪಸ್ ಹೋಗುತ್ತೆ, ಕೆಳಗಿದ್ದೋರನ್ನ ಎಳ್ಕೊಂಡು ಹೋಗುತ್ತೆ."

"ಇವಳ ಮಾತು ಇನ್ನೂ ಕೇಳ್ಬೇಕಾ ನಾವು?" ಎಂದು ಒಬ್ಬ ಅವಳ ಎದೆಗೆ ಕೈಯಿಟ್ಟು ತಳ್ಳಿದ. ಅವಳು ಎರಡು ಮೆಟ್ಟಿಲು ಜಾರಿ ಬಿದ್ದಳು. ಇನ್ನೊಬ್ಬ ಅವಳನ್ನು ದಾಟಿ ಕಾಲಿಟ್ಟ.

ಆಗ ಭಾವ ಬಂದ. ಕೈಯಲ್ಲಿ ಕಿತ್ತ ಕಿಟಕಿಯ ಕಬ್ಬಿಣದ ಸರಳಿತ್ತು. ಮೆಟ್ಟಿಲ ನಡುವೆ ನಿಂತು ಅದನ್ನು ಅಡ್ಡ ಹಿಡಿದ. "ಕೆಳಗೆ ಕಾಲಿಟ್ಟೋರ ಕಾಲು ಮುರೀತೀನಿ," ಎಂದ.

"ನೀನೂ ಇವಳ ಮಾತು ನಂಬ್ತೀಯಾ? ನಿಮ್ಮಮ್ಮನ್ನ ನೋಡಿದ್ಮೇಲೂ?"

"ನಂಬಿಕೆ ಗಿಂಬಿಕೆ ಎಲ್ಲ ಆಮೇಲೆ ಮಾತಾಡೋಣ. ಹಿಂದಕ್ಕೆ ಹೋಗು."

ಅವರು ಅವನಿಗೂ ಬಾಯಿಗೆ ಬಂದಂತೆ ಬೈದರು. ಅವನು ಅಲುಗಲಿಲ್ಲ. ಆದರೆ ಕಟ್ಟಡದ ಇನ್ನೊಂದು ತುದಿಯಲ್ಲೂ ಮೆಟ್ಟಿಲಿತ್ತು. ಅಲ್ಲಿಂದ ಮೂವರು ಇಳಿದುಹೋದರು. ಸ್ವಲ್ಪ ಹೊತ್ತಿನಲ್ಲಿ ಬಿಸಿಲು ಆರಿತು. ಗಾಳಿ ಈ ಸಲ ನೆಲದ ಕಡೆಯಿಂದ ಬಂತು, ಮೊದಲಿಗಿಂತ ಸಿಟ್ಟಾಗಿ. ಅಂಗಳದಲ್ಲಿ ತುಂಬಿದ್ದ ನೀರೆಲ್ಲ ಒಮ್ಮೆಗೇ ಕಡಲಿನ ಕಡೆ ಹೊರಟಿತು. ಗೋಡೆಗೆ ಆನಿಸಿ ನಿಲ್ಲಿಸಿದ್ದ ಲಾರಿ ಮಗ್ಗುಲಾಗಿ ಅದರ ಜೊತೆ ಹೋದದ್ದನ್ನು ಎಲ್ಲರೂ ನೋಡಿದರು. ಇಳಿದಿದ್ದ ಮೂವರಲ್ಲಿ ಒಬ್ಬ ಮಾತ್ರ ಮರಕ್ಕೆ ಸಿಕ್ಕಿ ಉಳಿದ.

ಆ ಎರಡನೆಯ ಗಾಳಿಯಲ್ಲೇ ಭಾವನ ತಾಯಿ ತೀರಿಕೊಂಡಳು. ಗಾಳಿಯ ಸದ್ದಿನಲ್ಲಿ ಅದು ಯಾವಾಗ ಆಯಿತೆಂದು ಪಕ್ಕದಲ್ಲೇ ಇದ್ದ ಅಕ್ಕನಿಗೂ ತಿಳಿಯಲಿಲ್ಲ.

ಚಂಡಮಾರುತ ಒಳನಾಡಿಗೆ ನುಗ್ಗಿತು. ಕೆಳಗೆ ಬೆಚ್ಚನೆಯ ನೀರಿಲ್ಲದೆ ಅದರ ಉಸಿರು ಸಡಿಲವಾಯಿತು, ಕಣ್ಣು ಮುಚ್ಚಿತು, ಸುರುಳಿ ಬಿಚ್ಚಿತು. ಗುಡ್ಡಗಳ ಆಚೆಗಿನ ಜನರಿಗೆ ಅದು ಎರಡು ದಿನದ ಜಡಿಮಳೆಯಷ್ಟೇ ಆಗಿ ಸಿಕ್ಕಿತು.

ಊರಿಗೆ ಮರಳಿದಾಗ ಅಲ್ಲಿ ಒಂದು ಹಂಚೂ ಹಾರಿರಲಿಲ್ಲ. ಜನ ಅದನ್ನು ನೋಡಿ ಇನ್ನಷ್ಟು ಉರಿದರು. ಮನೆಯಲ್ಲೇ ಇದ್ದಿದ್ದರೆ ಎಲ್ಲರೂ ಬದುಕಿರುತ್ತಿದ್ದರು. ವಿಚಾರಣೆಗೆ ಬಂದವರ ಮುಂದೆ ನಿರ್ದೇಶಕ, ಗಾಳಿ ತಿರುಗಿದ ಕೂಡಲೇ ತಾನು ಎಚ್ಚರಿಕೆ ಕೊಡಿಸಿದ್ದಾಗಿ ಹೇಳಿದ. ಅವಳು ಅದನ್ನು ಅಲ್ಲಗಳೆದಳು. ಜೊತೆಗೆ, ಐದನೆಯ ಗೆರೆಯನ್ನು ಸಭೆಯಲ್ಲಿ ಮುಚ್ಚಿಟ್ಟದ್ದನ್ನೂ ಯಾರೂ ಕೇಳದೆಯೇ ಹೇಳಿದಳು. ಅವನಿಗೆ ಗೌರವದಿಂದ ನಿವೃತ್ತಿ ಸಿಕ್ಕಿತು. ಅವಳನ್ನು ಮುನ್ಸೂಚನೆಯ ಮೇಜಿನಿಂದ ತೆಗೆದು ಮಳೆ ಅಳೆಯುವ ಕೆಲಸಕ್ಕೆ ಹಾಕಿದರು. ಬೀದಿಯಲ್ಲಿ ಈಗ ಯಾರೂ ಚೇಷ್ಟೆ ಮಾಡುತ್ತಿರಲಿಲ್ಲ. ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಮೀನಿನವಳು ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು.

ಮನೆಯಲ್ಲಿ ಮುದುಕಿಯ ಮಂಚ ಖಾಲಿಯಾದ ಮೇಲೆ ಒಂದು ದಿನ ಅಕ್ಕ ಮೇಲೆ ಹತ್ತಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು. ಭಾವ ಮೆಟ್ಟಿಲ ಕೆಳಗಿದ್ದ.

"ನೀನು ಬೇರೆ ಕಡೆ ಮನೆ ನೋಡ್ಕೋ," ಎಂದಳು.

ಕೆಳಗಿನಿಂದ ಭಾವ, "ಇರಲಿ ಬಿಡೆ. ಎಲ್ಲಿಗೆ ಹೋಗ್ತಾಳೆ ಈಗ," ಎಂದ. ಅವನು ಹೀಗೆಂದದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು.

"ನೀವು ಸುಮ್ನಿರಿ," ಎಂದಳು ಅಕ್ಕ. ಮತ್ತೆ ತಂಗಿಯ ಕಡೆ ತಿರುಗಿದಳು. "ಇವರಿಗೆ ನಿನ್ನ ಮೇಲೆ ಕೋಪ ಇತ್ತು, ಬೈದು ಕೂಗಾಡಿ ತೀರಿಸ್ಕೊಂಡ್ರು. ನಾನು ನಿನ್ನನ್ನ ನಂಬಿದ್ದೆ. ಬರಲ್ಲ ಬರಲ್ಲ ಅಂದೋರನ್ನ ನಾನೇ ಎತ್ತಿ ಹಾಕ್ಸಿದ್ದು. ಕೈ ಬಿಟ್ಟಿದ್ದೂ ನಾನೇ. ನಿನ್ನ ಕಾಲಿನ ಸದ್ದು ಮೇಲೆ ಕೇಳಿದಾಗೆಲ್ಲ ನನಗೆ ಅದೇ ನೆನಪಾಗುತ್ತೆ."

"ಅಕ್ಕ, ನಿಂದೇನೂ ತಪ್ಪಿಲ್ಲ."

"ಅದನ್ನ ನೀನು ಹೇಳ್ಬೇಡ," ಎಂದಳು ಅಕ್ಕ. "ನೀನು ಏನು ಹೇಳಿದ್ರೂ ಈಗ ನಂಬೋಕಾಗಲ್ಲ."

ಅವಳು ಮಾರನೆಯ ದಿನವೇ ಮನೆ ಹುಡುಕಲು ಹೊರಟಳು. ಕಚೇರಿಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಳು. ಸಾಮಾನು ಇಳಿಸುವ ದಿನ ಕರೆದವರು ಯಾರೂ ಬರಲಿಲ್ಲ. ಭಾವನೇ ಬಂದು ಬೀರುವಿನ ಒಂದು ತುದಿ ಹಿಡಿದ. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು.

"ಎಡಕ್ಕೆ ತಿರುಗಿಸು," ಎಂದ. "ನಿನ್ನ ಎಡ ಅಲ್ಲ, ನನ್ನ ಎಡ."

ತಿರುಗಿಸಿದರು. ಗೋಡೆಯ ಸುಣ್ಣ ಕಿತ್ತು ಬಂತು. ಅವನು ಅದಕ್ಕೂ ಗೊಣಗಿದ. ಬಾಡಿಗೆಯ ಗಾಡಿಗೆ ಎಲ್ಲವನ್ನೂ ಹೇರಿಯಾದ ಮೇಲೆ ಕೈ ಒರೆಸಿಕೊಂಡು ಫ್ಯಾಕ್ಟರಿಯ ಕಡೆ ನಡೆದ.

ಗಾಡಿ ಹೊರಡುವಾಗ ಅಕ್ಕ ಗೇಟಿನವರೆಗೆ ಬಂದಳು. ತಂಗಿಯ ಮುಖ ನೋಡದೆ, ಗಾಡಿಯ ಮೇಲಿದ್ದ ಬಕೆಟ್ಟುಗಳನ್ನು ನೋಡುತ್ತ ಕೇಳಿದಳು:

"ಅಲ್ಲಿ ನಲ್ಲೀಲಿ ನೀರು ಬರುತ್ತಾ?"

"ಬೆಳಿಗ್ಗೆ ಹೊತ್ತು ಬರುತ್ತಂತೆ."

"ಹೂಂ," ಎಂದಳು ಅಕ್ಕ. ಗೇಟು ಹಾಕಿ ಅಗಳಿ ಸರಿಸಿದಳು.